ಗಾಲಿಯ ಮೇಲಿನ ಮನೆಗೆ ಒಳಹೊದಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಕೆ ನುಡಿದು ಹೋಗಿದ್ದಾರೆ. ಕದಲದೆ ನಿಂತ ಮನೆಯ ಮಾತೇ ಹೀಗಾದರೆ, ನಾಲ್ಕು ಗಾಲಿಗಳ ಮೇಲೆ ಓಡುವ ಮನೆಯ ಪಾಡೇನು? ಅದು ಬಿಸಿಲಲ್ಲಿ ಕಾಯುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಹಳ್ಳದಿಣ್ಣೆಗಳಲ್ಲಿ ಕುಲುಕುತ್ತದೆ. ನಿಂತ ಮನೆಯ ಗೋಡೆ ಒಂದು ಊರಿನ ಹವೆಗೆ ಒಗ್ಗಿಕೊಂಡರೆ ಸಾಕು. ಓಡುವ ಮನೆಯ ಗೋಡೆ ಮಾತ್ರ ಬೆಳಗಿನ ಜಾವ ತುಮಕೂರಿನ ಒಣ ಗಾಳಿಯನ್ನೂ ಅದೇ ರಾತ್ರಿ ಹೊನ್ನಾವರದ ಉಪ್ಪುಗಾಳಿಯನ್ನೂ ತಾಳಿಕೊಳ್ಳಬೇಕು. ಹೊರಗಣ ಲೋಹದ ತಗಡಿಗೂ ಒಳಗೆ ಮಲಗಿದವರ ಬೆನ್ನಿಗೂ ನಡುವೆ ಇರುವುದು ಎರಡು ಬೆರಳಿನಷ್ಟು ಎಡೆ. ಆ ಎಡೆಯಲ್ಲಿ ಒಂದು ತೆಳುಹಲಗೆ, ಹಲಗೆಯ ಮೇಲೊಂದು ಹೊದಿಕೆ. ವ್ಯಾನಿನ ಸುಖವೂ ಸೊಗಸೂ ಕ್ಷೇಮವೂ ಬಹುಮಟ್ಟಿಗೆ ಈ ಹೊದಿಕೆಯನ್ನು ಅವಲಂಬಿಸಿವೆ.

ಪ್ರಯಾಣದ ವಾಹನದಲ್ಲಿ ಮನೆಯನ್ನು ಹೂಡುವುದು ನಮಗೆ ಹೊಸತಲ್ಲ. ಜಾತ್ರೆಗೆ ಹೊರಟ ಕಮಾನುಗಾಡಿಯನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಕೆಳಗೆ ಮಂಡಿಯುದ್ದ ಹುಲ್ಲು ಹರಡಿ, ಹುಲ್ಲಿನ ಮೇಲೆ ಜಮಖಾನ ಹಾಸಿದರೆ ಸಂಸಾರ ಸಹಿತ ಹೊರಡಲು ಗಾಡಿ ಅಣಿಯಾಯಿತು. ಆ ಚಾಪೆ ಬಿಸಿಲನ್ನು ತಡೆಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ಹಳತಾದರೆ ಬಿಚ್ಚಿ ಒಗೆದು ಹೊಸತನ್ನು ಕಟ್ಟುವುದು ಅರ್ಧ ದಿನದ ಕೆಲಸ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಗಿ ಸಾರಿಗೆಗೆ ಹೊಸ ರೂಪ ಬಂದಾಗ, ಚಾಪೆಯ ಸ್ಥಾನಕ್ಕೆ ಹಲಗೆ, ತಗಡು ಮತ್ತು ರೆಕ್ಸಿನ್ ಬಂದವು. ಗಾಡಿಯನ್ನು ಹೊದಿಸುವ ವಿದ್ಯೆ ಮನೆಯವರ ಕೈಯಿಂದ ಜಾರಿ ಕುಶನ್ ಅಂಗಡಿಯ ಕುಶಲಕರ್ಮಿಗಳ ಪಾಲಾಯಿತು.

ಪಶ್ಚಿಮದಲ್ಲಿ ಮೋಟಾರು ವ್ಯಾನನ್ನೇ ಬಿಡಾರವಾಗಿಸುವ ಹವ್ಯಾಸ ಎರಡನೆಯ ಮಹಾಯುದ್ಧದ ತರುವಾಯ ಹಬ್ಬಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆ 1950ರಲ್ಲಿ ತನ್ನ ಪೆಟ್ಟಿಗೆಯಾಕಾರದ ವ್ಯಾನನ್ನು ಹೊರತಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಹಾಸಿಗೆ, ಕಪಾಟುಗಳನ್ನು ಅಳವಡಿಸತೊಡಗಿತು. 1960ರ ಹಾಗೂ 70ರ ದಶಕಗಳಲ್ಲಿ ಯೂರೋಪಿನ ತರುಣ ತರುಣಿಯರು ಇಂಥ ವ್ಯಾನುಗಳಲ್ಲೇ ಇರಾನ್, ಆಫ್ಘಾನಿಸ್ತಾನಗಳನ್ನು ಹಾದು ಭಾರತಕ್ಕೆ ಬರುತ್ತಿದ್ದರು. ನಮ್ಮಲ್ಲಿ ಈಗ ಟೆಂಪೋ ಟ್ರಾವೆಲರುಗಳೂ ಹಳೆಯ ಮಾರುತಿ ಓಮ್ನಿಗಳೂ ಆ ಪಾತ್ರವನ್ನು ವಹಿಸುತ್ತಿವೆ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತುಹೋದರೂ ರಸ್ತೆಗಳಿಂದ ಅದು ಮರೆಯಾಗಿಲ್ಲ.

ಹೆದ್ದಾರಿಯ ಮಗ್ಗುಲಿನ ವಿದ್ಯೆ

ಬೆಂಗಳೂರಿನಿಂದ ಬರುವವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಬೆ ಹಿಂದುಳಿಯುತ್ತಿದ್ದಂತೆ ಬಟವಾಡಿ ಎದುರಾಗುತ್ತದೆ. ತುಮಕೂರಿನ ಕೃಷಿ ಮಾರುಕಟ್ಟೆಯ ಅಂಗಳ ಇರುವುದು ಇಲ್ಲಿಯೇ. ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ಜನರ ಬಾಯಲ್ಲಿ ಬಿ.ಎಚ್. ರಸ್ತೆ, ಇದರ ಮೂಲಕವೇ ನಗರವನ್ನು ಪ್ರವೇಶಿಸುತ್ತದೆ. ಮಾರುಕಟ್ಟೆಯೂ ಹೆದ್ದಾರಿಯೂ ಕೂಡಿದ ಕಡೆ ಲಾರಿಗಳು ನಿಲ್ಲುವುದು ಸಹಜ. ಲಾರಿಗಳು ನಿಂತ ಕಡೆ ಪಂಕ್ಚರ್ ಅಂಗಡಿ, ಟಿಂಕರ್ ಕೆಲಸದವರು, ಬ್ಯಾಟರಿಯವರು, ಅವರ ಬೆನ್ನಿಗೇ ಕುಶನ್ ಕೆಲಸದವರು ನೆಲೆಯೂರುವುದೂ ಅಷ್ಟೇ ಸಹಜ. ಒಂದು ಹೊಲಿಗೆಯಂತ್ರ, ದೊಡ್ಡ ಕತ್ತರಿ, ಸ್ಪಂಜಿನ ಹಾಳೆಗಳ ರಾಶಿ, ಗೋಡೆಗೆ ಒರಗಿಸಿದ ಬಣ್ಣ ಬಣ್ಣದ ರೆಕ್ಸಿನ್ ಸುರುಳಿಗಳು ಇಷ್ಟೇ ಅವರ ಬಂಡವಾಳ. ಉಳಿದದ್ದೆಲ್ಲ ಬೆರಳುಗಳಲ್ಲಿದೆ.

ಬಟವಾಡಿಯಲ್ಲಿ ನನಗೆ ಪರಿಚಿತವಾದ ಕುಟುಂಬವೊಂದಿದೆ. ಮನೆಯ ಹಿರಿಯಜ್ಜಿಗೆ ಎಂಬತ್ತು ದಾಟಿದೆ. ಮಂಡಿಗಳು ಸೋತಿವೆ. ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು. ಮದುವೆಯಾಗಿ ಬಂದಂದಿನಿಂದ ಬಿ.ಎಚ್. ರಸ್ತೆಯ ಸದ್ದನ್ನು ಕೇಳುತ್ತಲೇ ಬಾಳಿದ ಅವರಿಗೆ, ಈ ರಸ್ತೆ ಕೊನೆಗೊಳ್ಳುವ ಕಡಲನ್ನು ಒಮ್ಮೆ ನೋಡಬೇಕೆಂಬ ಆಸೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಎಂದು ಊರುಗಳ ಹೆಸರನ್ನು ಜಪಮಣಿಯಂತೆ ಎಣಿಸಬಲ್ಲರು. ಆದರೆ ಅರಸೀಕೆರೆಯ ಆಚೆಗೆ ಹೋದವರಲ್ಲ. ಬಸ್ಸು ಆಗದು, ಹೋಟೆಲಿನ ಮೆಟ್ಟಿಲು ಹತ್ತಲಾಗದು. ಮಲಗಿಕೊಂಡು ಹೋಗುವ ಗಾಡಿಯೇ ಬೇಕು.

ಮಗ ನಿವೃತ್ತಿಯ ಹಣದಲ್ಲಿ ಒಂದಂಶವನ್ನು ತೆಗೆದು ಹಳೆಯ ಟೆಂಪೋ ಟ್ರಾವೆಲರೊಂದನ್ನು ಕೊಂಡರು. ಹಿಂದಿನ ಒಡೆಯರು ಅದನ್ನು ಕ್ಯಾಂಪರ್ ವ್ಯಾನಾಗಿ ಮಾರ್ಪಡಿಸಿ, ಆರ್.ಟಿ.ಓ. ದಾಖಲೆಯಲ್ಲೂ ಹಾಗೆಯೇ ನಮೂದಿಸಿದ್ದರು. ಹಾಸಿಗೆ, ಪುಟ್ಟ ಅಡಿಗೆಕಟ್ಟೆ, ನೀರಿನ ತೊಟ್ಟಿ ಎಲ್ಲವೂ ಇದ್ದವು. ಎಂಜಿನ್ನೂ ಗಟ್ಟಿಯಾಗಿತ್ತು. ಆದರೆ ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುತ್ತಿದ್ದುದು ದಾರಿದ್ರ್ಯ. ಚಾವಣಿಯ ಬಟ್ಟೆ ಜೋಲು ಬಿದ್ದು ತಲೆಗೆ ತಾಕುತ್ತಿತ್ತು. ಬಾಗಿಲ ಒಳಹಲಗೆ ಬುಡದಲ್ಲಿ ಊದಿಕೊಂಡಿತ್ತು. ಪಕ್ಕದ ಗೋಡೆಗಳ ರೆಕ್ಸಿನ್ ಬಿರಿದು, ಅಡಿಯ ಸ್ಪಂಜು ಮುಟ್ಟಿದರೆ ಹಳದಿ ಪುಡಿಯಾಗಿ ಉದುರುತ್ತಿತ್ತು. ಹಾಸಿಗೆಯ ಮೇಲೆ ಮಲಗಿದವರ ಮುಖಕ್ಕೇ ಆ ಪುಡಿ ಬೀಳುವಂತಿತ್ತು. ಅದನ್ನೆಲ್ಲ ಹೊಸದಾಗಿ ಹೊದಿಸಬೇಕೆಂದು ಕುಶನ್ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ.

ಏಕೆ ಕೆಡುತ್ತದೆ?

“ಹಳೇದರ ಮೇಲೇ ಹೊಸಾದು ಅಂಟಿಸಿಬಿಡಿ ಯಜಮಾನ್ರೇ, ಎರಡೇ ದಿನದಲ್ಲಿ ಮುಗಿದು ಹೋಗ್ಲಿ” ಎಂದರು ವ್ಯಾನಿನ ಒಡೆಯರು.

ಕೆಲಸಗಾರ ಹಿರಿಯರು ಚಾವಣಿಯನ್ನು ಬೆರಳಿನಿಂದ ಉಜ್ಜಿ, ಪುಡಿಯನ್ನು ಅಂಗೈಯಲ್ಲಿ ತೋರಿಸಿದರು. “ಇದರ ಮೇಲೆ ಅಂಟು ಹಾಕಿದರೆ ಮರಳಿನ ಮೇಲೆ ಗಿಲಾವು ಮಾಡಿದ ಹಾಗೆ ಸ್ವಾಮಿ. ಈ ಬ್ಯಾಸಿಗೆ ತಡೀತದೆ, ಮುಂದಿನ ಬ್ಯಾಸಿಗೆಗೆ ಇನ್ನೊಂದ್ಸಲ ನನ್ನ ಹತ್ರಾನೇ ಬರ್ತೀರಿ. ನನಗೇನೋ ವ್ಯಾಪಾರ, ನಿಮಗೆ ನಷ್ಟ.”

ಆ ಒಂದು ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಪಾಠವೇ ಅಡಗಿದೆ. ಚಾವಣಿಯ ಬಟ್ಟೆಯ ಬೆನ್ನಿಗೆ ತೆಳುವಾದ ಪಾಲಿಯೂರಿಥೇನ್ ಸ್ಪಂಜನ್ನು ಅಂಟಿಸಿರುತ್ತಾರೆ. ಬಿಸಿಲು ಮತ್ತು ತೇವ ಎರಡೂ ಸೇರಿ ವರ್ಷಾನುವರ್ಷ ಕೆಲಸ ಮಾಡಿದಾಗ ಸ್ಪಂಜಿನ ಅಣುಗಳ ಸರಪಣಿ ತುಂಡುತುಂಡಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ವಾಹನದ ಒಳಗಿನ ಗಾಳಿ 50 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಚಾವಣಿಯ ತಗಡು ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಬಟ್ಟೆ ಜೋಲುಬಿದ್ದಾಗ ಕೆಟ್ಟದ್ದು ಅಂಟೊಂದೇ ಅಲ್ಲ. ಅಂಟಿಕೊಂಡಿದ್ದ ಸ್ಪಂಜೇ ಹಿಟ್ಟಾಗಿರುತ್ತದೆ. ಅದನ್ನು ಪೂರ್ತಿ ಕೆರೆದು, ಬ್ರಷ್ಷಿನಿಂದ ಉಜ್ಜಿ, ಗಟ್ಟಿ ನೆಲೆ ಕಾಣುವವರೆಗೆ ಬಿಡಬಾರದು.

ರೆಕ್ಸಿನ್ ಬಿರಿಯುವುದಕ್ಕೆ ಕಾರಣ ಬೇರೆ. ಇಂದು ನಾವು ಆ ಹೆಸರಿನಿಂದ ಕರೆಯುವ ಸರಕು ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪಿಸಿದ್ದು. ಪಿ.ವಿ.ಸಿ. ಸ್ವಭಾವತಃ ಪೆಡಸು. ಎಣ್ಣೆಯಂಥ ಕೆಲವು ದ್ರವಗಳನ್ನು ಬೆರೆಸಿ ಅದನ್ನು ಮೆದುವಾಗಿಸುವ ಉಪಾಯವನ್ನು ಅಮೆರಿಕದ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞ 1926ರಲ್ಲಿ ಕಂಡುಹಿಡಿದನು. ಬಿಸಿಲಿಗೆ ಆ ದ್ರವ ಮೆಲ್ಲಮೆಲ್ಲನೆ ಆವಿಯಾಗಿ ಹೋಗುತ್ತದೆ. ಗಾಜಿನ ಒಳಮೈಯಲ್ಲಿ ಕೂರುವ ಜಿಡ್ಡಿನ ಮಬ್ಬಿನಲ್ಲಿ ಅದರ ಅಂಶವೂ ಇರುತ್ತದೆ. ದ್ರವ ಹೋದ ಮೇಲೆ ಉಳಿಯುವುದು ಹಳೆಯ ಪೆಡಸುತನ. ಬಿರುಕು ಅದರ ಕುರುಹು.

ಇನ್ನು ಬಾಗಿಲ ಬುಡದ ಊತ. ಕಿಟಕಿಯ ಗಾಜಿನ ಪಕ್ಕದಿಂದ ಮಳೆಯ ನೀರು ಬಾಗಿಲೊಳಗೆ ಇಳಿಯುವುದು ದೋಷವಲ್ಲ. ಎಲ್ಲ ವಾಹನಗಳಲ್ಲಿಯೂ ಹಾಗೆಯೇ. ಇಳಿದ ನೀರು ಬಾಗಿಲ ತಳದ ತೂತುಗಳಿಂದ ಹೊರಹೋಗುವ ಏರ್ಪಾಡಿರುತ್ತದೆ. ಆ ನೀರು ಒಳಹಲಗೆಯನ್ನು ಮುಟ್ಟದಿರಲೆಂದು ಹಲಗೆಯ ಹಿಂದೆ ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಯಾವುದೋ ರಿಪೇರಿಯ ಸಮಯದಲ್ಲಿ ಯಾರೋ ಆ ಹಾಳೆಯನ್ನು ಹರಿದು ಎಸೆದರೆ, ಅಂದಿನಿಂದಲೇ ಹಲಗೆಗೆ ಕ್ಷಯ ಹಿಡಿಯಿತೆಂದು ತಿಳಿಯಬೇಕು. ಹೊಸ ಹೊದಿಕೆಗೆ ಎಷ್ಟು ಹಣ ಸುರಿದರೂ, ಅತ್ಯಲ್ಪ ಬೆಲೆಯ ಆ ಹಾಳೆಯನ್ನು ಮರಳಿ ಅಂಟಿಸದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಬೆಂಕಿಯ ಮಾತು

ಸೊಸೆಯು ಹೊಳಪಿನ ಕೆಂಪು ರೆಕ್ಸಿನ್ನೊಂದನ್ನು ಮೆಚ್ಚಿದ್ದರು. ದಪ್ಪ ಸ್ಪಂಜು ಕೊಟ್ಟು ಚೌಕುಳಿ ಹೊಲಿಗೆ ಹಾಕಿದರೆ ಅತ್ತೆಯ ತಲೆಗೆ ಎಲ್ಲಿ ತಗುಲಿದರೂ ನೋವಾಗದು ಎಂಬುದು ಅವರ ಅಕ್ಕರೆಯ ಲೆಕ್ಕ. ಕೆಲಸಗಾರರು ಬೇಡವೆನ್ನಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದರು: “ಅಕ್ಕಾವ್ರೇ, ಒಳಗೆ ಒಲೆ ಹಚ್ತೀರಾ?”

ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಾರ್ಖಾನೆಯ ವ್ಯಾಪಾರಮುದ್ರೆ. ನಮ್ಮಲ್ಲಿ ಅದು ಕೃತಕ ಚರ್ಮಕ್ಕೆಲ್ಲ ಸಾಮಾನ್ಯ ನಾಮವಾಗಿ ನಿಂತಿತು. ಅಂದಿನ ರೆಕ್ಸಿನ್ನಿನಲ್ಲಿ ಬಟ್ಟೆಯ ಮೇಲೆ ಬಳಿಯುತ್ತಿದ್ದುದು ಸೆಲ್ಯುಲೋಸ್ ನೈಟ್ರೇಟು, ಅಂದರೆ ಹಳೆಯ ಸಿನಿಮಾ ರೀಲುಗಳಲ್ಲಿದ್ದ, ಕಿಡಿ ತಾಕಿದರೆ ಭಗ್ಗೆಂದು ಹತ್ತಿಕೊಳ್ಳುವ ವಸ್ತು. ಚರ್ಮದ ಬೆಲೆಯ ಅಲ್ಪಾಂಶಕ್ಕೆ ಚರ್ಮದ ಅಂದ ದೊರೆಯುತ್ತಿದ್ದುದರಿಂದ ಮೋಟಾರುಗಳಲ್ಲಿಯೂ ರೈಲುಗಳಲ್ಲಿಯೂ ಅದು ಮೆರೆಯಿತು. ಗೋಡೆಗಳಿಗೆ ಬಳಿಯುವ ಮೆರುಗೆಣ್ಣೆಯೂ ಅದೇ ಜಾತಿಯದಿರುತ್ತಿತ್ತು. 1949ರ ಜೂನ್ ತಿಂಗಳಲ್ಲಿ ಎಡಿನ್‌ಬರೋದಿಂದ ಲಂಡನ್ನಿಗೆ ಹೊರಟಿದ್ದ ರೈಲೊಂದು ಸ್ಕಾಟ್ಲೆಂಡಿನ ಪೆನ್‌ಮಾನ್‌ಶೀಲ್ ಸುರಂಗದ ಬಳಿ ಹೊತ್ತಿಕೊಂಡಿತು. ಬೆಂಕಿ ಅಷ್ಟು ಶೀಘ್ರವಾಗಿ ಹಬ್ಬಲು ಒಳಗೋಡೆಗಳ ಲೇಪನವೇ ಕಾರಣವೆಂದು ಕಂಡುಬಂದಿತು. ಸುದೈವದಿಂದ ಪ್ರಾಣಹಾನಿಯಾಗಲಿಲ್ಲ.

ನಮ್ಮ ಪಾಲಿಗೆ ದೈವ ಯಾವಾಗಲೂ ಅಷ್ಟು ಕರುಣೆ ತೋರಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಉರಿದು 45 ಮಂದಿ ಮಡಿದರು. ಅದಾದ ಹದಿನೈದು ದಿನಗಳಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿ ಜಿಲ್ಲೆಯಲ್ಲಿ ಉರಿದು 7 ಮಂದಿ ಮಡಿದರು. ಎರಡು ದುರಂತಗಳೂ ವಾಹನ ಡಿಕ್ಕಿ ಹೊಡೆದ ಮೇಲೆ ಹುಟ್ಟಿದವು. ಒಳಹೊದಿಕೆ ಅವುಗಳ ಕಾರಣವಲ್ಲ. ಆದರೆ ಓಡುವ ವಾಹನದಲ್ಲಿ ಬೆಂಕಿ ಎದ್ದಾಗ ಜೀವ ಉಳಿಯುವುದು ಎಷ್ಟು ನಿಮಿಷ ದೊರೆಯಿತೆಂಬುದರ ಮೇಲೆ ಎಂಬುದನ್ನು ಅವು ಎಲ್ಲರ ಮನಸ್ಸಿನಲ್ಲೂ ಕೆತ್ತಿದವು. ಆ ನಿಮಿಷಗಳನ್ನು ಕೊಡುವುದು ಅಥವಾ ಕಸಿಯುವುದು ಒಳಗಿನ ಬಟ್ಟೆ, ಸ್ಪಂಜು, ಹಲಗೆಗಳು.

ಇದಕ್ಕೆಂದೇ ಅಳತೆಗೋಲೊಂದಿದೆ. ವಾಹನದ ಒಳಸಾಮಗ್ರಿಯ ತುಣುಕನ್ನು ಅಡ್ಡಲಾಗಿ ಹಿಡಿದು, ಒಂದು ಕೊನೆಗೆ 15 ಸೆಕೆಂಡು ಜ್ವಾಲೆ ತಾಕಿಸಿ, ಉರಿ ಎಷ್ಟು ವೇಗವಾಗಿ ಮುಂದುವರಿಯುತ್ತದೆಂದು ಅಳೆಯುತ್ತಾರೆ. ಅಮೆರಿಕದಲ್ಲಿ 1972ರಲ್ಲಿ ಜಾರಿಗೆ ಬಂದ ನಿಯಮದಂತೆ ಅದು ನಿಮಿಷಕ್ಕೆ 102 ಮಿಲಿಮೀಟರನ್ನು ಮೀರಬಾರದು. ನಮ್ಮ ದೇಶದಲ್ಲಿ ಐ.ಎಸ್. 15061 ಎಂಬ ಮಾನಕವಿದೆ. ಅದರ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ಗೇಣು ಬಟ್ಟೆ ಉರಿಯಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯಬೇಕು. ಅಂಗಡಿಯಲ್ಲಿ ರೆಕ್ಸಿನ್ ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವ ನಾವು ಈ ಅಂಕೆಯನ್ನೂ ವಿಚಾರಿಸಬೇಕು. ಮನೆಯ ಸೋಫಾಕ್ಕೆಂದು ತಯಾರಾದ ಅಗ್ಗದ ಸರಕಿಗೂ ವಾಹನಕ್ಕೆಂದೇ ತಯಾರಾದ ಸರಕಿಗೂ ನೋಟದಲ್ಲಿ ಭೇದ ಕಾಣದು. ಭೇದ ಕಾಣುವುದು ಬೆಂಕಿಯ ಎದುರಿನಲ್ಲಿ ಮಾತ್ರ.

ಆ ಭೇದವನ್ನು ಕೆಲಸಗಾರರು ನಮ್ಮ ಕಣ್ಣೆದುರೇ ತೋರಿಸಿದರು. ಅಂಗಡಿಯಿಂದ ದೂರದ ಬಯಲಿನಲ್ಲಿ ಒಂದು ಬಾಣಲೆಗೆ ಮರಳು ತುಂಬಿ, ಪಕ್ಕದಲ್ಲೊಂದು ಬಕೆಟ್ಟು ನೀರಿಟ್ಟು, ಎರಡು ಬೆರಳಗಲದ ತುಣುಕುಗಳನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರು. ಸ್ಪಂಜು ಸಮೇತವಾದ ಅಗ್ಗದ ಕೆಂಪು ರೆಕ್ಸಿನ್ ಕರಿಹೊಗೆ ಉಗುಳುತ್ತ ಸರಸರನೆ ಉರಿಯಿತು. ಕರಗಿದ ಹನಿಗಳು ಉರಿಯುತ್ತಲೇ ಮರಳಿಗೆ ಬಿದ್ದವು. ವಾಹನಕ್ಕೆಂದು ತಯಾರಾದ ಬೂದು ಬಣ್ಣದ ಸರಕು ಕಡ್ಡಿ ತೆಗೆದೊಡನೆ ತಾನೇ ನಂದಿತು. ಸೊಸೆಯು ಕೆಂಪು ಸುರುಳಿಯ ಕಡೆ ಮತ್ತೆ ನೋಡಲಿಲ್ಲ. ಹೊಗೆಯೇ ಉರಿಗಿಂತ ಕ್ರೂರವಾದದ್ದು. ಉರಿಯುವ ಪಾಲಿಯೂರಿಥೇನ್ ಸ್ಪಂಜಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನೊಂದಿಗೆ ಹೈಡ್ರೋಜನ್ ಸಯನೈಡು ಎಂಬ ವಿಷಾನಿಲವೂ ಇರುತ್ತದೆ. ಓಡಿ ಪಾರಾಗಲಾರದ ವೃದ್ಧರ ತಲೆಯ ಬಳಿ ಅದನ್ನು ಅಂಗುಲಗಟ್ಟಲೆ ದಪ್ಪಕ್ಕೆ ತುಂಬುವುದು ಅಕ್ಕರೆಯಾಗದು.

ಮೂರನೆಯ ತುಣುಕನ್ನು ಕೊಟ್ಟವರು ಅಜ್ಜಿ. ಆಟೋದಲ್ಲಿ ಕುಳಿತೇ ಎಲ್ಲವನ್ನೂ ನೋಡುತ್ತಿದ್ದ ಅವರು, “ಇದನ್ನೂ ಒಂದ್ಸಲ ಸುಟ್ಟು ನೋಡಪ್ಪಾ” ಎಂದು ತಾವು ಹೊದ್ದಿದ್ದ ಹಳೆಯ ಕಂಬಳಿಯ ಅಂಚಿನ ಎಳೆಗಳನ್ನು ಮುಂದೆ ಮಾಡಿದರು. ಕತ್ತರಿಸಿದ ಅಂಚು ಕಡ್ಡಿಯ ಉರಿಗೆ ಮುರುಟಿಕೊಂಡಿತು, ಕೂದಲು ಸುಟ್ಟ ವಾಸನೆ ಬಂತು, ಕರಿಯ ಹುರುಕು ಕಟ್ಟಿತು. ಕಡ್ಡಿ ದೂರವಾದೊಡನೆ ನಂದಿತು. ಹನಿ ಬೀಳಲಿಲ್ಲ. ಉಣ್ಣೆಗೆ ಬೆಂಕಿ ತಾಕದೆಂದಲ್ಲ. ಆದರೆ ಅದು ಹೊತ್ತಿಕೊಳ್ಳಲು ಹತ್ತಿಗಿಂತ ಹೆಚ್ಚು ಶಾಖ ಬೇಕು. ಹೊತ್ತಿಕೊಂಡರೂ ಕರಗಿ ಸುರಿಯದು. ಉಣ್ಣೆಯಲ್ಲಿ ಸಹಜವಾಗಿರುವ ಸಾರಜನಕ ಮತ್ತು ಗಂಧಕ, ಅದು ಹೀರಿಟ್ಟುಕೊಳ್ಳುವ ತೇವ ಇವೇ ಇದಕ್ಕೆ ಕಾರಣ. ತುಮಕೂರು ಜಿಲ್ಲೆಯ ಶಿರಾ, ನೆರೆಯ ಚಳ್ಳಕೆರೆ ಸೀಮೆಗಳಲ್ಲಿ ಕುರುಬರ ಮಗ್ಗಗಳಿಂದ ಇಳಿಯುವ ಕರಿಯ ಕಂಬಳಿಯ ಈ ಗುಣ ನಮಗೆ ತಿಳಿಯದಿರುವುದು ಅದು ಅಷ್ಟು ಹತ್ತಿರದ್ದಾದುದರಿಂದಲೇ ಇರಬೇಕು.

ಹೊದಿಸುವ ಕ್ರಮ

ಕೆಲಸ ಆರಂಭವಾದುದು ಬಿಚ್ಚುವುದರಿಂದ. ಬಾಗಿಲ ಒಳಹಲಗೆಗೆ ಕೆಲಸದವರ ಮಾತಿನಲ್ಲಿ ಡೋರ್ ಪ್ಯಾಡು ಎಂದು ಹೆಸರು. ಚಾವಣಿಯದು ರೂಫ್ ಲೈನಿಂಗು. ಕಿಟಕಿ ತಿರುಗಿಸುವ ಹಿಡಿ, ಕೈಯಾಸರೆಗಳನ್ನು ಮೊದಲು ಬಿಚ್ಚಿ, ಹಲಗೆಯ ಸುತ್ತ ಚಪ್ಪಟೆಯಾದ ಪಟ್ಟಿಯನ್ನು ತೂರಿಸಿ, ಒಂದೊಂದು ಕ್ಲಿಪ್ಪಿನ ಬುಡದಲ್ಲೇ ಮೀಟಬೇಕು. ಕ್ಲಿಪ್ಪಿಲ್ಲದ ಕಡೆ ಮೀಟಿದರೆ ಹಲಗೆ ಮುರಿಯುತ್ತದೆ. ಬಿಚ್ಚಿದ ಪ್ರತಿಯೊಂದು ಹಲಗೆಯ ಬೆನ್ನಿಗೂ ಸೀಮೆಸುಣ್ಣದಲ್ಲಿ ಎಡ, ಬಲ, ಮುಂದೆ, ಹಿಂದೆ ಎಂದು ಗುರುತು ಬರೆದರು. ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿದರು. ಹಳೆಯ ಹೊದಿಕೆಯನ್ನು ಎಸೆಯದೆ ಕೆಲಸ ಮುಗಿಯುವವರೆಗೆ ಇಟ್ಟುಕೊಂಡರು. ಅನುಮಾನ ಬಂದಾಗ ಅದೇ ಸಾಕ್ಷಿ.

ಹಲಗೆ ಬಿಚ್ಚಿದಾಗ ಕಾಣುವ ತಗಡಿನ ಒಡಲನ್ನು ನೋಡದೆ ಮುಚ್ಚಬಾರದು. ತುಕ್ಕು ಹಿಡಿದಿದ್ದರೆ ಕೆರೆದು ಬಣ್ಣ ಬಳಿಯಲು ಇದೇ ಸಮಯ. ವಿದ್ಯುತ್ತಂತಿಗಳು ತಗಡಿನ ಅಂಚಿಗೆ ಉಜ್ಜುತ್ತಿದ್ದರೆ ರಬ್ಬರಿನ ಬಳೆ ತೊಡಿಸಲೂ ಇದೇ ಸಮಯ. ಈ ವ್ಯಾನಿನಲ್ಲಿ ದೀಪಕ್ಕೆಂದು ಎಳೆದಿದ್ದ ತಂತಿಯೊಂದರ ಸಿಪ್ಪೆ ಸವೆದು ತಾಮ್ರ ಕಾಣುತ್ತಿತ್ತು. ಅದು ಇದ್ದದ್ದು ಅಜ್ಜಿಯ ದಿಂಬು ಬರಬೇಕಾದ ಕಡೆ, ಆ ಪುಡಿಯಾದ ಸ್ಪಂಜಿನ ನೇರ ಹಿಂದೆ. ಹಳತರ ಮೇಲೆ ಹೊಸತನ್ನು ಅಂಟಿಸಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವ್ಯಾನಿನ ಒಡೆಯರು ಆ ತಂತಿಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಹೊದಿಕೆಯ ಕೆಲಸ ಎರಡು ದಿನ ನಿಂತಿತು.

ಊದಿದ ಹಾರ್ಡ್‌ಬೋರ್ಡನ್ನು ಹೊಸ ಪ್ಲೈವುಡ್ಡಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿದರು. ಪ್ಲೈವುಡ್ಡಿನಲ್ಲೂ ಜಾತಿಗಳುಂಟು. ಐ.ಎಸ್. 303 ಸಾಮಾನ್ಯ ಬಳಕೆಯದು, ಐ.ಎಸ್. 710 ನೀರನ್ನು ತಾಳುವ ಮೆರೀನ್ ಜಾತಿಯದು, ಐ.ಎಸ್. 5509 ಬೆಂಕಿಯನ್ನು ತಡೆಯಲು ಸಂಸ್ಕರಿಸಿದ್ದು. ಮೂರೂ ಸಂಖ್ಯೆಗಳನ್ನು ಹಾಳೆಯ ಮೇಲಿನ ಮುದ್ರೆಯಲ್ಲಿ ನೋಡಿ ಕೊಳ್ಳಬಹುದು. ಬಾಗಿಲಿಗೆ ಎರಡನೆಯದು, ಒಲೆಯ ಬದಿಗೆ ಮೂರನೆಯದು ಉಚಿತ. ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಕುಡಿಸಬೇಕು. ನೀರು ಒಳಹೋಗುವುದು ಅಂಚಿನಿಂದಲೇ. ಕ್ಲಿಪ್ಪಿನ ತೂತುಗಳನ್ನು ಹೊದಿಸುವುದಕ್ಕೆ ಮುಂಚೆಯೇ ಕೊರೆದು, ವಾಹನಕ್ಕೆ ಹಿಡಿದು ನೋಡಬೇಕು. ಬಟ್ಟೆ ಅಂಚನ್ನು ಸುತ್ತಿ ಹಿಂದಕ್ಕೆ ಮಡಿಯುವುದರಿಂದ ಹಲಗೆಯ ಅಳತೆ ಎಲ್ಲ ಕಡೆಯೂ ಎರಡು ಮೂರು ಮಿಲಿಮೀಟರು ಬೆಳೆಯುತ್ತದೆ. ಆ ಬೆಳವಣಿಗೆಗೆ ಮೊದಲೇ ಎಡೆ ಬಿಡದಿದ್ದರೆ ಹೊದಿಸಿದ ಹಲಗೆ ತನ್ನ ಜಾಗದಲ್ಲಿ ಕೂರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಬಟ್ಟೆಯನ್ನು ಸುತ್ತಲೂ ಎರಡು ಮೂರು ಬೆರಳು ಹೆಚ್ಚಾಗಿಯೇ ಕತ್ತರಿಸುತ್ತಾರೆ. ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ಹರಡಿದರೆ ರೆಕ್ಸಿನ್ ಹದವಾಗಿ ಎಳೆದಂತೆ ಬರುತ್ತದೆ. ಎಲ್ಲ ತುಂಡುಗಳ ನೂಲಿನ ದಿಕ್ಕು ಒಂದೇ ಇರಬೇಕು. ತಪ್ಪಿದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಇಲ್ಲಿ ಬಳಸುವ ರಬ್ಬರಿನ ಅಂಟಿನ ಸ್ವಭಾವವೇ ವಿಚಿತ್ರ. ಹಸಿಯಿದ್ದಾಗ ಅಂಟಿಸಿದರೆ ಹಿಡಿಯದು. ಹಲಗೆಗೂ ಬಟ್ಟೆಯ ಬೆನ್ನಿಗೂ ತೆಳುವಾಗಿ ಬಳಿದು, ಬೆರಳಿಟ್ಟರೆ ಮೆತ್ತದಷ್ಟು ಆರುವವರೆಗೆ ಸುಮಾರು ಹತ್ತು ಹದಿನೈದು ನಿಮಿಷ ತಾಳ್ಮೆಯಿಂದ ಕಾದು, ಆಮೇಲೆ ಕೂಡಿಸಬೇಕು. ಕೂಡಿಸಿದ ಕ್ಷಣವೇ ಹಿಡಿದುಬಿಡುತ್ತದೆ. ಆದ್ದರಿಂದ ನಡುವಿನಿಂದ ಆರಂಭಿಸಿ, ಅಂಗೈಯಿಂದ ಅಂಚಿನ ಕಡೆಗೆ ಗಾಳಿಯನ್ನು ತಳ್ಳುತ್ತ ಸಾಗಬೇಕು. ಈ ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ವ್ಯಾನಿನ ಎಲ್ಲ ಬಾಗಿಲುಗಳೂ ತೆರೆದಿರಬೇಕು. ಬೀಡಿ ಸಿಗರೇಟಿನವರು ದೂರ ಇರಬೇಕು. ಚಾವಣಿಗೆ ಹೆಚ್ಚು ಶಾಖ ತಾಳುವ ಜಾತಿಯ ಅಂಟನ್ನೇ ಕೇಳಿ ಪಡೆಯಬೇಕು.

ಮೂಲೆಗಳಲ್ಲಿ ಕೈಚಳಕ ತಿಳಿಯುತ್ತದೆ. ಹೊರಬಾಗಿದ ಮೂಲೆಯಲ್ಲಿ ಬಟ್ಟೆ ಹೆಚ್ಚಾಗುತ್ತದೆ. ಅಲ್ಲಿ ಸಣ್ಣ ಮುಕ್ಕೋಣಗಳನ್ನು ಕತ್ತರಿಸಿ ತೆಗೆಯುತ್ತಾರೆ. ಒಳಬಾಗಿದ ಕಡೆ ಬಟ್ಟೆ ಸಾಲದಾಗುತ್ತದೆ. ಅಲ್ಲಿ ಅಂಚಿನಿಂದ ಒಳಕ್ಕೆ ಕತ್ತರಿಯ ಗೀಟು ಹಾಕಿ ಬಿಡಿಸುತ್ತಾರೆ. ಗೀಟು ಹಲಗೆಯ ಅಂಚನ್ನು ಮುಟ್ಟಿದರೆ ಅದು ಹೊರಗೆ ಕಾಣುತ್ತದೆ, ಮುಟ್ಟುವುದಕ್ಕೆ ತುಸು ಮುಂಚೆಯೇ ನಿಂತರೆ ಸರಿ. ಅಂಟು ಪೂರ್ಣ ಬಲಿಯುವವರೆಗೆ ಹೆಚ್ಚಿನ ಬಟ್ಟೆಯನ್ನು ಕತ್ತರಿಸಬಾರದು. ಇದನ್ನು ಹಿರಿಯರು ಶಿಷ್ಯನಿಗೆ ಮೂರು ಸಲ ಹೇಳಿದರು.

ಅಜ್ಜಿಯ ಹಾಸಿಗೆಯ ಬದಿಯ ಗೋಡೆಗೆ ಕಂಬಳಿಯೇ ಬಂದಿತು. ಅದಕ್ಕೆ ಅಂಟನ್ನು ಬಳಸಲಿಲ್ಲ. ಉರಿಗೆ ಅಂಜದ ಉಣ್ಣೆಯ ಬೆನ್ನಿಗೆ ಉರಿಯುವ ಅಂಟನ್ನು ಬಳಿಯುವುದು ಅವಿವೇಕ. ಹಲಗೆಯ ಹಿಂದಕ್ಕೆ ಮಡಿಸಿ ಗನ್ ಪಿನ್ನುಗಳಿಂದ ಬಿಗಿದು, ನಡುನಡುವೆ ದಾರ ತೂರಿಸಿ ಗುಂಡಿ ಕಟ್ಟಿದರು. ಬೇಕಾದಾಗ ಬಿಚ್ಚಿ ಬಿಸಿಲಿಗೆ ಹಾಕಬಹುದು. ಕಂಬಳಿಗೂ ಅದರದೇ ಕಾಟಗಳಿವೆ. ನೆನೆದರೆ ವಾಸನೆ, ಕತ್ತಲೆಯಲ್ಲಿ ಬಿಟ್ಟರೆ ನುಸಿ, ಎಳೆಗಳ ಉದುರಾಟ. ಆದರೆ ಕಂಬಳಿಯ ಮೇಲೆ ಕೂತು ಉಣ್ಣುವವರು ಕೂದಲು ಬಂತೆಂದು ದೂರಬಾರದಷ್ಟೆ.

ಒಲೆಯ ಹಿಂದಿನ ಗೋಡೆಗೆ ಬಟ್ಟೆಯೇ ಬೇಡವೆಂದು ತೀರ್ಮಾನವಾಯಿತು. ಬೆರಳಗಲ ಗಾಳಿಯ ಎಡೆ ಬಿಟ್ಟು ಸ್ಟೀಲಿನ ತಗಡನ್ನು ನಿಲ್ಲಿಸಿದರು. ಅಡಿಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರಿಸುತ್ತದೆ. ಆದ್ದರಿಂದ ನೆಲದಲ್ಲಿರುವ ಗಾಳಿಕಿಂಡಿಯನ್ನು ಹೊಸ ಹಾಸಿನಿಂದ ಮುಚ್ಚದೆ ತೆರೆದೇ ಬಿಟ್ಟರು. ಬಾಗಿಲ ಬಳಿ ಅಗ್ನಿಶಾಮಕವೊಂದನ್ನು ಕೈಗೆಟುಕುವಂತೆ ತೂಗುಹಾಕಿದರು.

ಕಾನೂನಿನ ಎಲ್ಲೆ

ವಾಹನವನ್ನು ಮನಬಂದಂತೆ ಮಾರ್ಪಡಿಸುವ ಹಕ್ಕು ಒಡೆಯನಿಗಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವ ಬದಲಾವಣೆ ಸಲ್ಲದು. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬಿರಿದ ಹೊದಿಕೆಯನ್ನು ತೆಗೆದು ಅದೇ ಜಾಗದಲ್ಲಿ ಹೊಸತನ್ನು ಹಾಕುವುದು ದುರಸ್ತಿಯ ಜಾತಿಗೆ ಸೇರಿದ್ದು. ಆದರೆ ಆಸನಗಳನ್ನು ಕಿತ್ತು ಹಾಸಿಗೆ ಹೂಡುವುದು, ಚಾವಣಿ ಏರಿಸುವುದು, ಹೊಸ ಕಿಟಕಿ ಕೊರೆಯುವುದು ಬೇರೆಯ ಮಾತು. ಬಿಡಾರದ ವಾಹನಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನಕವೇ ಇದೆ. ಅಂಥ ಕೆಲಸಕ್ಕೆ ಕೈಹಾಕುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ವಿವೇಕ. ಕೊಂಡುಕೊಳ್ಳುವವರು ನೋಂದಣಿ ಪತ್ರದಲ್ಲಿ ವಾಹನದ ವರ್ಗ ಹೇಗೆ ನಮೂದಾಗಿದೆಯೆಂದು ನೋಡಿಯೇ ಮುಂಗಡ ಕೊಡಬೇಕು. ವಿಮೆಯ ಹಕ್ಕು ಪ್ರಶ್ನೆಗೆ ಬರುವುದು ಅಪಘಾತವಾದ ಮೇಲೆ. ಆಗ ಪತ್ರ ತಿದ್ದಲು ಅವಕಾಶವಿರದು.

ಕೆಲಸ ಮುಗಿದಾಗ ವ್ಯಾನಿನೊಳಗೆ ವೈಭವವೇನೂ ಇರಲಿಲ್ಲ. ಬೂದು ಬಣ್ಣದ ಗೋಡೆ, ಬಿಗಿಯಾದ ತಿಳಿ ಚಾವಣಿ, ಒಂದು ಬದಿಗೆ ಕರಿಕಂಬಳಿ, ಒಲೆಯ ಹಿಂದೆ ಹೊಳೆಯುವ ತಗಡು. ಹೊಸ ಅಂಟಿನ ವಾಸನೆ ಹೋಗಲೆಂದು ಒಂದು ವಾರ ಬಾಗಿಲು ತೆರೆದು ನಿಲ್ಲಿಸಿದ್ದರು. ಎಂಟನೆಯ ದಿನ ಸಂಸಾರ ಹೊರಟಿತು. ಮೂರನೆಯ ದಿನ ಸಂಜೆ ಹೊನ್ನಾವರದಲ್ಲಿ, ಶರಾವತಿ ಕಡಲನ್ನು ಕೂಡುವ ಕಡೆ, ಅಜ್ಜಿ ಮಲಗಿದಲ್ಲಿಂದಲೇ ತೆರೆದ ಹಿಂಬಾಗಿಲ ಮೂಲಕ ನೀರನ್ನು ನೋಡಿದರೆಂದು ಮಗ ತಿಳಿಸಿದರು. “ಇಷ್ಟೇನಾ ರಸ್ತೆ?” ಎಂದು ಕೇಳಿದರಂತೆ. ಇನ್ನೂ ಮುಂದೆ ಹೋಗುವ ಹುರುಪು ಅವರಿಗಿತ್ತು.

ನಮ್ಮ ಕಣ್ಣು ಮೊದಲು ಹೋಗುವುದು ಮೇಲುಹೊದಿಕೆಯ ಬಣ್ಣದ ಕಡೆಗೆ. ಅದರ ಅಡಿಯಲ್ಲಿ ಏನಿದೆಯೆಂದು ಕೇಳುವ ಅಭ್ಯಾಸ ನಮಗೆ ಕಡಿಮೆ. ಬಸ್ಸು ಹತ್ತುವಾಗಲೂ ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸುವಾಗಲೂ ಆ ಒಂದು ಪ್ರಶ್ನೆಯನ್ನು ಕೇಳಬಹುದು. ಹಳತನ್ನು ಕೆರೆದು, ಒಡಲನ್ನು ನೋಡಿ, ತಂತಿಯನ್ನು ಸರಿಪಡಿಸಿ, ಆಮೇಲೆ ಹೊದಿಸುವವನು ಎರಡು ದಿನ ಹೆಚ್ಚು ತೆಗೆದುಕೊಂಡಾನು. ಕೂಲಿಯೂ ಒಂದಿಷ್ಟು ಹೆಚ್ಚಾದೀತು. ಅವನೊಡನೆ ಚೌಕಾಸಿಗಿಳಿಯುವ ಮುನ್ನ, ಆ ಗೋಡೆಗೆ ಒರಗಿ ನಿದ್ರಿಸುವವರು ಯಾರೆಂಬುದನ್ನು ನೆನೆದರೆ ಸಾಕು.